ಸುರಪುರಕ್ಕೆ ಒಬ್ಬರೇ ಬಂದ ನರ್ಸಬಾಯಿ

ನರ್ಸಬಾಯಿ ಹೋದರಂತೆ. ಹೈದರಾಬಾದಿನಲ್ಲಿ ನೆಲೆಸಿರುವ ನನ್ನ ಹಳೆಯ ಶಿಷ್ಯೆಯೊಬ್ಬಳು ಕಳೆದ ತಿಂಗಳು ಮನೆಗೆ ಬಂದಾಗ ಮಾತಿನ ನಡುವೆ ಈ ಸುದ್ದಿ ಹೇಳಿದಳು. ತುಂಬು ವಯಸ್ಸಾಗಿತ್ತು, ಹಾಸಿಗೆ ಹಿಡಿಯಲಿಲ್ಲ, ಯಾರಿಂದಲೂ ಒಂದು ಲೋಟ ನೀರು ತರಿಸಿಕೊಳ್ಳಲಿಲ್ಲ ಎಂದಳು. ನನಗೆ ಆಶ್ಚರ್ಯವಾಗಲಿಲ್ಲ. ಹೊರಡಬೇಕು ಅನ್ನಿಸಿದಾಗ ಆ ಹೆಂಗಸು ಯಾರ ಜೊತೆಗಾಗಿಯೂ ಕಾದವರಲ್ಲ.

ಅವರಿಗೆ ಒಂದು ಚೆಂದದ ಹೆಸರಿತ್ತು. ಕೇಳಿದವರಿಗೆಲ್ಲ ಸ್ಪಷ್ಟವಾಗಿ ಹೇಳುತ್ತಲೂ ಇದ್ದರು. ಆದರೆ ಸುರಪುರದಲ್ಲಿ ಅದನ್ನು ಯಾರೂ ಬಳಸಲಿಲ್ಲ. ಎಲ್ಲರಿಗೂ ಅವರು ನರ್ಸಬಾಯಿ. ನಾನೂ ಹಾಗೆಯೇ ಕರೆಯುತ್ತೇನೆ.

ನಾನು ಅವರನ್ನು ಕಂಡದ್ದು ಕನ್ನಡದ ಸೀಮೆಗಳು ಒಂದು ರಾಜ್ಯವಾದ ಹೊಸತರಲ್ಲಿ. ನಾನು ಗದಗಿನ ಕಡೆಯವಳು. ನಿಜಾಮರ ಆಳಿಕೆಯಲ್ಲಿದ್ದ ಈ ಭಾಗದ ಶಾಲೆಗಳಿಗೆ ಕನ್ನಡ ಕಲಿಸುವವರು ಬೇಕೆಂದು ನಮ್ಮ ಕಡೆಯಿಂದ ಕೆಲವರನ್ನು ಕಳಿಸಿದರು. ನನ್ನ ಪಾಲಿಗೆ ಸುರಪುರದ ಹೆಣ್ಣುಮಕ್ಕಳ ಶಾಲೆ ಬಂತು. ಕಚೇರಿಗಳ ಮುಂದಿನ ಹಲಗೆಗಳಲ್ಲಿ ಉರ್ದು ಅಳಿಸಿ ಕನ್ನಡ ಬರೆದಿದ್ದರು. ಬಣ್ಣ ತೆಳುವಾದ ಕಡೆ ಕೆಳಗಿನ ಅಕ್ಷರ ಇನ್ನೂ ಕಾಣುತ್ತಿತ್ತು. ಮದುವೆಯಾಗದ ನನ್ನನ್ನು ಒಬ್ಬಳನ್ನೇ ಬಿಡಲಾರದೆ ಮನೆಯವರು ಅಬಚಿಯನ್ನು, ಅಂದರೆ ನನ್ನ ತಾಯಿಯ ತಂಗಿಯನ್ನು, ಜೊತೆಗೆ ಕಳಿಸಿದ್ದರು. ಶಾಲೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಶಾಲೆ. ಸುರಪುರವನ್ನು ಬಟ್ಟಲಿನಂತೆ ಸುತ್ತುವರಿದ ಗುಡ್ಡಗಳನ್ನು ನಾನು ತರಗತಿಯ ಕಿಟಕಿಯಿಂದಷ್ಟೇ ನೋಡಿದ್ದೆ.

ಒಂದು ಮಧ್ಯಾಹ್ನ ಶಾಲೆಯ ಜವಾನ ಒಬ್ಬ ಹೆಂಗಸನ್ನು ನಮ್ಮ ಬಾಗಿಲಿಗೆ ಕರೆತಂದು ನಿಲ್ಲಿಸಿದ.

"ಅಕ್ಕೋರ, ಮುಸಾಫಿರ ಬಂಗ್ಲೇದಾಗ ಸಾಹೇಬ್ರು ಇಳದಾರ್ರಿ. ಈ ಬಾಯಾರು ಒಬ್ಬರ ಬಂದಾರ. ನಿಮ್ಮ ಕಡಿ ಇಳೀಲಿ ಅಂತ ತಹಶೀಲ ಆಫೀಸಿನವರು ಕಳಿಸ್ಯಾರ್ರಿ."

ನಲವತ್ತರ ಆಸುಪಾಸಿನ ಹೆಂಗಸು. ಎತ್ತರದ ಆಳು, ಅಗಲ ಹೆಗಲು. ಬಿಳಿ ಸೀರೆಯ ಅಂಚು ಬಸ್ಸಿನ ಕೆಮ್ಮಣ್ಣಿನಿಂದ ಕೆಂಪಾಗಿತ್ತು. ಕಾಲಲ್ಲಿ ಗಂಡಸರು ಮೆಟ್ಟುವಂಥ ಚಪ್ಪಲಿ, ಒಂದು ಕೈಯಲ್ಲಿ ತಗಡಿನ ಪೆಟ್ಟಿಗೆ, ಇನ್ನೊಂದರಲ್ಲಿ ಕೊಡೆ. ಅಬಚಿ ಒಳಗಿನಿಂದ ಬಂದು ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ಒಬ್ಬಾಕೀನ ಬಂದೀಯೇನವಾ? ಸಂಗಾಟ ಗಂಡಸರು ಯಾರೂ ಇಲ್ಲೇನು?"

"ಇಲ್ರಿ. ಅವರ ಗಂಟು ಹೊರೋದು ನನ್ನ ಕೈಲೆ ಆಗೂದಿಲ್ಲ."

"ಯಾರ ಪೈಕಿ?"

"ಅಪ್ಪ ಹೈದರಾಬಾದಿನ ಮುಸಲ್ಮಾನ, ಕುದುರಿ ಬಗ್ಗಿ ಹೊಡೀತಿದ್ದ. ಅವ್ವ ಇದ ಊರಾಕಿ. ಅಕಿ ಯಾರ ಪೈಕಿ ಅಂತ ನೋಡಾಕನ ಬಂದೀನ್ರಿ."

ಅಬಚಿಯ ಮುಖ ಸಣ್ಣದಾಯಿತು. ಮಡಿಯ ಹೆಂಗಸು ನನ್ನ ಕಡೆ ನೋಡಿದಳು. ನರ್ಸಬಾಯಿ ಅವಳ ತೊಡಕನ್ನು ಅವಳಿಗಿಂತ ಮೊದಲೇ ಕಂಡುಕೊಂಡು ಬಿಡಿಸಿಯೂ ಬಿಟ್ಟರು. "ನನ್ನ ತಾಟು, ನನ್ನ ಲೋಟಾ ನನ್ನ ಕಡೇನ ಅದಾವ್ರಿ. ಪಡಸಾಲಿ ಕೊಟ್ರ ಸಾಕು." ಹಾಗೆ ಹೇಳಿದವರೇ ಪೆಟ್ಟಿಗೆ ಇಳಿಸಿ, ಬಾವಿಕಟ್ಟೆಯ ಕಡೆ ಹೊರಟೇ ಹೋದರು. ಅಬಚಿ ಕೊನೆಯವರೆಗೂ ಅವರ ತಾಟು ಬೇರೆಯೇ ಇಟ್ಟಳು. ಆದರೆ ಆ ಸಂಜೆಯಿಂದಲೇ ಪಡಸಾಲೆಯ ಹೊಸ್ತಿಲಿನ ಈಚೆ ಅವಳು, ಆಚೆ ಅವರು ಕುಳಿತು ಮಾತಿಗೆ ಹತ್ತಿದರೆ ನಾನು ಹಸಿದು ಕರೆದರೂ ಏಳುತ್ತಿರಲಿಲ್ಲ.

ಅವರು ಹೈದರಾಬಾದಿನ ದೊಡ್ಡ ದವಾಖಾನೆಯೊಂದರಲ್ಲಿ ಹೆರಿಗೆಯ ವಾರ್ಡಿನ ನರ್ಸು. ಅವರ ಕನ್ನಡ ವಿಚಿತ್ರವಾಗಿತ್ತು. ತಾಯಿಯಿಂದ ಕಲಿತದ್ದು ಅಲ್ಲಿಗೇ ನಿಂತುಹೋಗಿ, ಅದರ ಮೇಲೆ ದಖ್ಖನಿಯ ಧಾಟಿ ಕೂತಿತ್ತು. ಯಾರೂ ಮಾತಾಡದ ಹಳೆಯ ಪದವೊಂದನ್ನು ಅವರು ನಡುವೆ ಹೇಳಿದರೆ ಜವಾನ ನಕ್ಕು, "ನಮ್ಮಜ್ಜಿ ಹಿಂಗ ಅಂತಿದ್ದಳ್ರಿ" ಎನ್ನುತ್ತಿದ್ದ.

ರೈಲಿನಿಂದ ಇಳಿದವರು ನೇರವಾಗಿ ಸುರಪುರಕ್ಕೆ ಬಂದಿರಲಿಲ್ಲ. ಯಾದಗಿರಿಯಲ್ಲಿ ಪೆಟ್ಟಿಗೆಯನ್ನು ಸ್ಟೇಶನ್ನಿನಲ್ಲಿ ಬಿಟ್ಟು ಕೋಟೆಯ ಗುಡ್ಡ ಹತ್ತಿದ್ದರು. ಹೆಂಗಸೊಬ್ಬಳು ಕೊಡೆ ಹಿಡಿದು ಕೋಟೆ ಹತ್ತುವುದನ್ನು ಕಂಡ ಪೊಲೀಸನೊಬ್ಬ ಏದುಸಿರು ಬಿಡುತ್ತ ಹಿಂದೆಯೇ ಬಂದನಂತೆ.

"ಯಾಕ ಬಂದೀರಿ?"

"ನೋಡಾಕ."

"ಏನ ನೋಡಾಕ?"

"ನೀವು ಕಾಯೋದು ಏನೈತಿ ಅಂತ ನೋಡಾಕ."

ಅವನು ಪಾಪ ಮೇಲಿನ ಹೊಂಡ, ಹಳೆಯ ಫಿರಂಗಿ ಎಲ್ಲ ತೋರಿಸಿ ಕೆಳಗಿನವರೆಗೂ ಬಿಟ್ಟುಹೋದನಂತೆ. ಶಹಾಪುರದಲ್ಲಿ ಅಂಗಾತ ಮಲಗಿದ ಮನುಷ್ಯನಂತೆ ಕಾಣುವ ಬೆಟ್ಟವನ್ನು ಬಸ್ಸಿನಿಂದ ಕಂಡು ಅಲ್ಲಿಯೇ ಇಳಿದುಬಿಟ್ಟಿದ್ದರು. ಮುಂದಿನ ಬಸ್ಸು ಬರುವವರೆಗೆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಶೇಂಗಾ ತಿನ್ನುತ್ತ ಬೆಟ್ಟ ನೋಡಿದೆ ಎಂದರು. "ವಾರ್ಡಿನಾಗ ಯಾವ ಪೇಶಂಟನೂ ಅಷ್ಟು ಆರಾಮ ಮಲಗಿದ್ದು ನಾ ಕಂಡಿಲ್ಲ ತಂಗಿ" ಎಂದದ್ದು ನನಗೆ ಈಗಲೂ ನಗು ತರುತ್ತದೆ.

ಯಾಕೆ ಈಗ ಬಂದಿರಿ ಎಂದು ಕೇಳಿದೆ. ನಿಜಾಮರ ರಾಜ್ಯಕ್ಕೆ ಭಾರತದ ಸೈನ್ಯ ಬಂದ ಪೊಲೀಸ್ ಆಕ್ಷನ್ನಿನ ಹೊತ್ತಿನಲ್ಲಿ ಹೈದರಾಬಾದಿನಲ್ಲಿ ಎಲ್ಲರೂ ಎಲ್ಲಿಗಾದರೂ ಹೋಗುವ ಮಾತಾಡುತ್ತಿದ್ದಾಗ ಅವರ ತಾಯಿ ಒಬ್ಬರೇ, "ನನಗೇನು ಚಿಂತಿ? ನನಗೊಂದು ಊರೈತಿ" ಎನ್ನುತ್ತಿದ್ದರಂತೆ. ಕೆಲವು ದಿನಗಳಲ್ಲಿ ಆ ತಾಯಿ ತೀರಿಕೊಂಡರು. "ಅಕೀ ಊರು ಹೆಂಗೈತಿ ಅನ್ನೋದು ತಲ್ಯಾಗ ಕುಂತಬಿಟ್ಟಿತ್ತು. ಈಗ ರಾಜ್ಯ ಹರದು ಹಂಚಿಕೊಂಡ್ರು. ಅವ್ವನ ಊರು ಮೈಸೂರಿನ ಪಾಲಿಗೆ ಬಂತು, ನಾ ಆಂಧ್ರದ ಪಾಲಿಗೆ ಹೋದೆ. ಇನ್ನ ತಡಾ ಮಾಡಿದ್ರ ಪಾಸಪೋರ್ಟ ಕೇಳ್ಯಾರು ಅಂತ ಹೊಂಟ ಬಂದೆ."

ತಾಯಿ ಹೇಳಿದ್ದು ಹೆಚ್ಚೇನಿಲ್ಲ. ದೊಡ್ಡ ವಾಡೆ, ಬಾಗಿಲಿನ ಚೌಕಟ್ಟಿನಲ್ಲಿ ಆನೆಯ ತಲೆಗಳ ಕೆತ್ತನೆ. ಹಿತ್ತಲಲ್ಲಿ ಬಾವಿ, ಬಾವಿಯ ಮಗ್ಗುಲಿಗೆ ಮಾಳಿಗೆಗೆ ಹತ್ತುವ ಕಲ್ಲಿನ ಮೆಟ್ಟಿಲು. ಆ ಮನೆಯಲ್ಲಿ ಒಬ್ಬ ಅಕ್ಕ. ಅಷ್ಟನ್ನು ಇಟ್ಟುಕೊಂಡು ನರ್ಸಬಾಯಿ ತಾವು ವಾಡೆಯ ಮೊಮ್ಮಗಳು ಎಂದು ಬೆಳೆದಿದ್ದರು. ವಾರ್ಡಿನಲ್ಲಿ ಎಲ್ಲರಿಗೂ ಅದನ್ನೇ ಹೇಳಿಯೂ ಇದ್ದರು.

ಹಾಗಿದ್ದೂ ಬಂದ ಕೂಡಲೇ ಮನೆ ಹುಡುಕಲು ಓಡಲಿಲ್ಲ. "ಮೊದಲ ಊರು ನೋಡೂಣು" ಎಂದರು. ನನ್ನನ್ನೂ ಎಳೆದುಕೊಂಡು ಹೋದರು. ಅರಮನೆಯ ಬಾಗಿಲು, ದೇವಸ್ಥಾನದ ಪ್ರಾಕಾರ, ಗುಡ್ಡದ ಮೇಲೆ ಹಿಂದೊಬ್ಬ ಇಂಗ್ಲಿಷ್ ಸಾಹೇಬ ಕಟ್ಟಿಸಿದ ಬಂಗ್ಲೆ, ಕಾಗದದ ಮೇಲೆ ಬಂಗಾರದ ರೇಕಿನಿಂದ ದೇವರ ಚಿತ್ರ ಬರೆಯುವವರ ಮನೆ. ಎಲ್ಲಿಗೆ ಹೋದರೂ ಅಪ್ಪಣೆ ಕೇಳುತ್ತಿರಲಿಲ್ಲ, ಒಳಗೆ ಕಾಲಿಟ್ಟು ಆಮೇಲೆ ನಮಸ್ಕಾರ ಹೇಳುತ್ತಿದ್ದರು. ಯಾರ ಕಟ್ಟೆಯಾದರೂ ಸರಿ, ದಣಿವಾದರೆ ಕೂತುಬಿಡುತ್ತಿದ್ದರು. ನಾನು ಸೆರಗು ಎಳೆದುಕೊಳ್ಳುತ್ತ ಹಿಂದೆ ಹಿಂದೆ ಹೋಗುತ್ತಿದ್ದರೆ ಒಮ್ಮೆ ತಿರುಗಿ ನಿಂತು, "ಯಾಕ ಗ್ವಾಡಿ ಹಿಡದು ನಡೀತಿ? ಹಾದಿ ನಡುವ ಅಷ್ಟು ಜಾಗಾ ಐತಲ್ಲ" ಎಂದರು. ಆ ದಿನದಿಂದ ನಾನು ಹಾದಿಯ ನಡುವೆ ನಡೆಯುವುದನ್ನು ಕಲಿತೆ.

ಆನೆಯ ತಲೆಯ ಬಾಗಿಲು ಮರುದಿನ ಸಿಕ್ಕಿತು. ಅರಮನೆಯ ಹಿಂಬದಿಯ ಓಣಿಯಲ್ಲಿ, ಹಿಂದೆ ದರಬಾರಿನಲ್ಲಿ ದೊಡ್ಡವರಾಗಿದ್ದ ಒಂದು ಮನೆತನದ ವಾಡೆ. ಯಜಮಾನರು ಲೋಡಿಗೆ ಒರಗಿ ಕೂತಿದ್ದರು. ಶಾಲೆಯ ಅಕ್ಕೋರೆಂದು ನನಗೆ ಚಾಪೆ ಹಾಕಿಸಿದರು. ನರ್ಸಬಾಯಿ ತಮ್ಮ ತಾಯಿಯ ಹೆಸರು ಹೇಳಿ, ಇದು ಆಕೆಯ ಮನೆ, ಒಮ್ಮೆ ನೋಡಿಹೋಗುತ್ತೇನೆ ಎಂದಾಗ ಅವರ ಮುಖ ಬಿಗಿಯಿತು. ಜಹಗೀರುಗಳು ಹೋಗಿ, ಹೊಲಗಳ ಕಾಯ್ದೆ ಬದಲಾಗಿ, ಹಕ್ಕು ಕೇಳಿಕೊಂಡು ಯಾರು ಯಾವಾಗ ಬರುತ್ತಾರೋ ಎಂದು ಅಂಥ ಮನೆಗಳವರು ಬೆದರಿದ್ದ ಕಾಲ ಅದು.

"ನಮ್ಮನ್ಯಾಗ ಆ ಹೆಸರಿನ ಹೆಣ್ಣಮಗಳು ಹುಟ್ಟಿಲ್ಲ. ಯಾರೋ ತಪ್ಪ ಹೇಳ್ಯಾರ."

"ಹಿತ್ತಲದಾಗ ಬಾವಿ ಐತಿಲ್ರಿ? ಮಗ್ಗಲಿಗೆ ಕಲ್ಲಿನ ಪಾವಟಿಗಿ?"

ಆಗ ಒಳಗಿನ ಕತ್ತಲೆಯಿಂದ ಒಂದು ಧ್ವನಿ ಬಂತು. "ಯಾರದು? ಆ ಹೆಸರು ತಗದವರು ಯಾರು?"

ಊರಿನವರು ಆಯಿ ಎಂದು ಕರೆಯುತ್ತಿದ್ದ ಹಿರಿಯರು ಅವರು. ಯಜಮಾನರ ತಂದೆಯ ಅಕ್ಕ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಆ ಹೊಸ್ತಿಲು ದಾಟದವರು. ಗೋಡೆ ಹಿಡಿದುಕೊಂಡು ಬಂದರು. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಕೈ ಚಾಚಿ ನರ್ಸಬಾಯಿಯ ಮುಖ ಮುಟ್ಟಿದರು, ಹೆಗಲು ಮುಟ್ಟಿದರು.

"ಎತ್ತರ ಅಕೀದ" ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಆಮೇಲೆ ಮುಚ್ಚುಮರೆಯಿಲ್ಲದೆ ಹೇಳಿದರು. "ನಿಮ್ಮವ್ವ ಈ ಮನಿ ಮಗಳಲ್ಲವಾ. ಆಳಿನ ಮಗಳು. ನಮ್ಮ ದನದ ಕೊಟ್ಟಿಗಿ ಬಾಜೂ ಹುಟ್ಟಿದಾಕಿ."

ಯಜಮಾನರು ನಿಟ್ಟುಸಿರು ಬಿಟ್ಟು ಮತ್ತೆ ಲೋಡಿಗೆ ಒರಗಿದರು. "ಆಳಿನ ಮಗಳೇನು!" ಎಂದು ನಕ್ಕರು ಕೂಡ. ನನಗೆ ನೆಲ ನೋಡುವಂತಾಯಿತು. ಇಷ್ಟು ದೂರದಿಂದ ಬಂದದ್ದು ಇದನ್ನು ಕೇಳುವುದಕ್ಕೇ?

ನರ್ಸಬಾಯಿ ಕೊಡೆಯ ಹಿಡಿಕೆಯನ್ನು ಒಮ್ಮೆ ತಿರುವಿದರು. ಆಮೇಲೆ ಯಜಮಾನರನ್ನು ನೇರವಾಗಿ ನೋಡಿ ಹೇಳಿದರು. "ಹಂಗಾದ್ರ ನಮ್ಮವ್ವ ಈ ಮನಿ ಬಿಟ್ಟು ಹೋಗಿದ್ದು ಬರೋಬರಿ ಆತು."

ಯಜಮಾನರ ನಗು ನಿಂತಿತು. ಆಯಿ ನರ್ಸಬಾಯಿಯ ಕೈ ಬಿಡದೆ ಅಲ್ಲೇ ಹೊಸ್ತಿಲ ಮೇಲೆ ಕೂತರು, ಅವರನ್ನೂ ಕೂರಿಸಿಕೊಂಡರು.

"ನನ್ನ ಮದವಿಗಿ ಅಕೀನ್ನ ಬಳುವಳಿ ಕೊಡಬೇಕಂತ ಮಾಡಿದ್ರು. ಒಂದು ಎಮ್ಮಿ, ಹಿತ್ತಾಳಿ ಹಂಡೇವು, ಸಂಗಾಟ ಅಕಿ. ಹಂಗ ಕೊಡೂದು ರೂಢಿ ಇತ್ತು. ಸಣ್ಣಂದಿನಿಂದ ಕೂಡಿ ಆಡಿದಾಕಿ, ಅಕ್ಕಾ ಅಂತಿದ್ಳು ನನಗ. ಮದವಿ ಮುಂದ ಒಂದಿನ ನನ್ನ ಕೈ ಹಿಡದು ಅಂದ್ಳು, ಅಕ್ಕಾ, ನಿನ್ನ ಬಿಟ್ಟು ಇರಾಕ ಮನಸಿಲ್ಲ, ಆದ್ರ ಎಮ್ಮಿ ಸಂಗಾಟ ನಾ ಬರೂದಿಲ್ಲ. ಹೈದರಾಬಾದಿನ ಸಾಹೇಬರ ಬಗ್ಗಿ ಹೊಡಿಯೋನು ಊರಾಗಿದ್ದ. ಅವನ ಜೋಡಿ ಹೋಗತೀನಿ ಅಂದ್ಳು."

"ಹೋದ್ಳು" ಎಂದರು ನರ್ಸಬಾಯಿ.

"ಹಿತ್ತಲ ಬಾಗಿಲ ಅಗಳಿ ಬಿಗಿ ಇತ್ತವಾ. ಅಕೀ ಕೈಲೆ ಆಗಲಿಲ್ಲ. ನಾನ ತಗದೆ."

"ಅತ್ತಿ! ಏನ ಮಾತಾಡಾಕತ್ತೀರಿ?" ಯಜಮಾನರು ಎದ್ದು ನಿಂತಿದ್ದರು.

"ಖರೇ ಮಾತಾಡಾಕತ್ತೀನಿ. ನಿಮ್ಮಜ್ಜ ಇದ್ದಾಗ ಆಡಾಕ ಆಗಲಿಲ್ಲ. ನಿಮ್ಮಪ್ಪ ಇದ್ದಾಗೂ ಆಗಲಿಲ್ಲ. ನಿನ್ನ ಮುಂದ ಆಡಾಕ ನನಗೇನು ಅಂಜಿಕಿ?" ಆಯಿ ಮತ್ತೆ ನರ್ಸಬಾಯಿಯ ಕಡೆ ಮುಖ ಮಾಡಿದರು. ಧ್ವನಿ ಇಳಿಯಿತು. "ನನ್ನ ನೆನಸ್ತಿದ್ದಳೇನವಾ ಅಕಿ?"

"ದಿನಾ. ನನಗ ಒಬ್ಬಾಕಿ ದೊಡ್ಡವ್ವ ಅದಾಳ ಅಂತನ ನಾ ಬೆಳದೀನಿ."

ತಾಯಿ ಸುಳ್ಳು ಹೇಳಿರಲಿಲ್ಲ. ತನಗೊಂದು ಊರು, ಆ ಊರಲ್ಲೊಂದು ಮನೆ, ಮನೆಯಲ್ಲೊಬ್ಬ ಅಕ್ಕ ಎಂದಿದ್ದರು. ಉಳಿದದ್ದನ್ನು ಮಗಳು ತುಂಬಿಕೊಂಡಿದ್ದರು.

ಅಂದು ನರ್ಸಬಾಯಿ ಕೊಟ್ಟಿಗೆಯ ಪಕ್ಕದ ಆ ಕೋಣೆಯನ್ನೂ ನೋಡಿಯೇ ಬಂದರು. ದನಕ್ಕೆ ಹಾಕುವ ಜೋಳದ ಕಣಿಕೆ ಒಟ್ಟಿದ್ದ, ಬಗ್ಗಿ ಹೋಗಬೇಕಾದ ಕೋಣೆ. ಮನೆಗೆ ಬಂದಾಗ ಅಬಚಿ ರೊಟ್ಟಿ ಬಡಿಯುತ್ತಿದ್ದಳು. ಮನೆ ಸಿಕ್ಕಿತೇ ಎಂದು ಕೇಳಿದಳು.

"ಸಿಕ್ಕಿತ್ರಿ. ಅವ್ವ ಆಳಿನ ಮಗಳಂತ."

ಅಬಚಿ ಕೈ ನಿಲ್ಲಿಸಿದಳು. ಮತ್ತೆ ಬಡಿಯಲು ಹತ್ತಿದಳು. "ಇರಲಿ ತಗೋ. ಇನ್ನೊಂದು ರೊಟ್ಟಿ ಹಾಕಿಸ್ಕೋ" ಎಂದಳು.

ಊಟವಾದ ಮೇಲೆ ನಾನು ಮೆಲ್ಲಗೆ, ಬೇಸರವಾಯಿತೇ ಎಂದೆ. ಅವರು ನನ್ನನ್ನು ತಮಾಷೆಯಾಗಿ ನೋಡಿದರು. "ಬ್ಯಾಸರ ಯಾಕ? ಎಲ್ಲಾರ ಮುಂದ ನಮ್ಮವ್ವ ವಾಡೇದಾಕಿ ಅಂತ ಹೇಳ್ಕೋತ ಬಂದೀನಿ, ಹೋಗಿ ತಿದ್ದಬೇಕು, ಅಷ್ಟ. ವಾಡೇದಾಗ ಹುಟ್ಟೋದು ಯಾರಿಗರೆ ಬರತೈತಿ ತಂಗಿ. ಮದವಿ ವಯಸ್ಸಿನ ಹುಡುಗಿ ಅಂಥಾ ವಾಡೇ ದಾಟಿ ಹೋಗೂದು ಎಷ್ಟ ಮಂದಿಗೆ ಬರತೈತಿ?" ಹೈದರಾಬಾದಿಗೆ ಹೋದ ಮೇಲೆ ನಿಜವಾಗಿಯೂ ತಿದ್ದಿದರಂತೆ. ವಾರ್ಡಿನವರು, ಓಣಿಯವರು, ಹಾಲು ಹಾಕುವವನು, ಯಾರನ್ನೂ ಬಿಡದೆ ಹೇಳಿದರಂತೆ. ಹೇಳುವಾಗ ಮೊದಲಿಗಿಂತ ಧ್ವನಿ ಎತ್ತರವಾಗಿತ್ತು ಎಂದು ಕೇಳಿದವರೊಬ್ಬರು ಹೇಳಿದ್ದು ನನಗೆ ನೆನಪಿದೆ.

ಅವರು ಹೊರಡುವ ಮೊದಲು ಇನ್ನೊಂದು ಕೆಲಸ ಮಾಡಿದರು. ಬೆಳಿಗ್ಗೆ ಒಂದು ಬಂಡಿ ಹೂಡಿಸಿಕೊಂಡು ವಾಡೆಯ ಮುಂದೆ ನಿಲ್ಲಿಸಿ, ದೊಡ್ಡವ್ವಗೆ ಊರು ತೋರಿಸುತ್ತೇನೆ ಎಂದರು. ಬಂಡಿಗೆ ಪರದೆ ಇರಲಿಲ್ಲ. ಯಜಮಾನರು ಮನೆತನದ ಮರ್ಯಾದೆಯ ಮಾತೆತ್ತುವಷ್ಟರಲ್ಲಿ ಆಯಿ ಸೀರೆ ಬದಲಿಸಿಕೊಂಡು ಹೊರಗೆ ಬಂದಾಗಿತ್ತು. ಬಂಗ್ಲೆಯ ಗುಡ್ಡದವರೆಗೆ ಹೋದೆವು. ಮೇಲೆ ನಿಂತು ನರ್ಸಬಾಯಿ, "ನೋಡ್ರಿ ದೊಡ್ಡವ್ವ, ನಿಮ್ಮ ಊರು" ಎಂದಾಗ ಆಯಿ ಊರಿನ ಕಡೆಗಲ್ಲ, ಬಂಡೆಗಲ್ಲಿನ ಕಡೆ ಮುಖ ಮಾಡಿ ನಿಂತಿದ್ದರು.

"ಎಲ್ಲಾ ಹೊಗಿ ಹೊಗಿ ಕಾಣತದವಾ" ಎಂದು ನಕ್ಕರು.

ನರ್ಸಬಾಯಿ ಅವರ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ರೆಪ್ಪೆ ಎತ್ತಿ ನೋಡಿದರು. "ಇದು ವಯಸ್ಸಿಂದಲ್ಲ. ಪೊರಿ ಬಂದೈತಿ. ತಗದ್ರ ಹೋಗತೈತಿ."

ಅದಕ್ಕಾಗಿ ಮತ್ತೆ ಬಂದರು, ಚಳಿಗಾಲದಲ್ಲಿ. ಯಜಮಾನರು ಒಪ್ಪಲಿಲ್ಲ. ಹೈದರಾಬಾದಿಗೆ, ಅದೂ ಓಡಿಹೋದ ಆಳಿನ ಮಗಳ ಜೊತೆ! ನಾನೂ ಅಲ್ಲಿದ್ದೆ. ಆಯಿ ಎಲ್ಲವನ್ನೂ ಕೇಳಿ ಮುಗಿಸಿ, "ಕಣ್ಣು ನಂದು. ನಿನ್ನ ಮರ್ಯಾದಿ ನಿನ್ನ ಕಡೇನ ಇಟ್ಕೋ, ನಾ ಏನು ಒಯ್ಯೂದಿಲ್ಲ" ಎಂದರು. ಯಾದಗಿರಿಯವರೆಗೆ ನಾನು ಜೊತೆಗೆ ಹೋದೆ. ಆಯಿ ರೈಲು ಹತ್ತಿದ್ದು ಅದೇ ಮೊದಲು. ಹತ್ತುವ ಮುಂಚೆ ಡಬ್ಬಿಯ ಮೈಯನ್ನು ಎತ್ತಿನ ಬೆನ್ನು ಸವರುವಂತೆ ಸವರಿದರು.

ಶಸ್ತ್ರಕ್ರಿಯೆ ಚೆನ್ನಾಗಿ ಆಯಿತೆಂದು ಸುದ್ದಿ ಬಂತು. ಆಯಿ ಮಾತ್ರ ಬರಲಿಲ್ಲ. ಕೊನೆಗೆ ಯಜಮಾನರೇ ಕರೆತರಲು ಹೋಗಿ ಒಬ್ಬರೇ ಹಿಂದಿರುಗಿದರು. ನನ್ನನ್ನು ಶಾಲೆಯ ಬಾಗಿಲಲ್ಲಿ ನಿಲ್ಲಿಸಿ, ಎಲ್ಲದಕ್ಕೂ ನಾನೇ ಕಾರಣ ಎಂಬಂತೆ ಹೇಳಿದರು. "ಅತ್ತಿ ಬರೂದಿಲ್ಲಂತ್ರಿ. ಈಗ ಕಣ್ಣು ಬಂದಾವ, ನೋಡೂದು ಬಿಟ್ಟು ಮನ್ಯಾಗ ಯಾಕ ಕುಂಡ್ರಲಿ ಅಂತಾರ. ಹಿಂಗ ಅನ್ನಬಹುದೇನ್ರಿ?" ಅನ್ನಬಹುದು ಅನ್ನಿಸಿತು ನನಗೆ.

ಮುಂದಿನ ಬೇಸಿಗೆಯ ರಜೆಯಲ್ಲಿ ನಾನು ಹೈದರಾಬಾದಿಗೆ ಹೋದೆ. ಅಬಚಿಯನ್ನು ಊರಿಗೆ ಕಳಿಸಿ, ಒಬ್ಬಳೇ ಹೋದೆ. ಹಳೆಯ ಊರಿನ ಒಂದು ಗಲ್ಲಿಯಲ್ಲಿ ಎರಡು ಕೋಣೆಯ ಮನೆ. ಬೀಗ ಹಾಕಿತ್ತು. ನೆರೆಯ ಹೆಂಗಸು ಪರದೆ ಸರಿಸಿ, "ಖಾಲಾ ಕೂ ಲೇಕೆ ಘೂಮ್ನೆ ಗಯಿ" ಎಂದಳು. ಚಿಕ್ಕಮ್ಮ ದೊಡ್ಡಮ್ಮಂದಿರಿಗೆ ಅಲ್ಲಿ ಖಾಲಾ ಎನ್ನುತ್ತಾರೆ. ಆಯಿಯನ್ನು ಕರೆದುಕೊಂಡು ತಿರುಗಾಡಲು ಹೋಗಿದ್ದರು. ಮೆಟ್ಟಿಲ ಮೇಲೆ ಕೂತೆ. ಬಿಸಿಲಿಳಿಯುವ ಹೊತ್ತಿಗೆ ಸೈಕಲ್ ರಿಕ್ಷಾದಲ್ಲಿ ಇಬ್ಬರೂ ಬಂದರು. ಆಯಿಗೆ ಬಾಟಲಿಯ ತಳದಷ್ಟು ದಪ್ಪ ಗಾಜಿನ ಕನ್ನಡಕ. ಇಳಿದವರೇ ನನ್ನ ಹತ್ತಿರ ಬಂದು ಮುಖಕ್ಕೆ ಮುಖ ತಂದು ನೋಡಿದರು.

"ಶಾಲಿ ಅಕ್ಕೋರೇನು ನೀ? ಇಷ್ಟ ಸಣ್ಣಾಕೇನು! ಧ್ವನಿ ಕೇಳಿ ದಪ್ಪ ಇದ್ದೀ ಅಂತ ತಿಳಕೊಂಡಿದ್ದೆ."

ಮನೆಯೊಳಗೆ ಎರಡು ಒಲೆಗಳಿದ್ದವು. ಒಂದು ಆಯಿಯದು, ಮಾಂಸ ಬೇಯದ ಒಲೆ. ಅದನ್ನು ನರ್ಸಬಾಯಿಯೇ ಕಟ್ಟಿಸಿದ್ದರು, ಆದರೆ ಮಡಿಯೆಂದು ಆಯಿಯ ಹೊರತು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ, ಅದರಲ್ಲಿ ಅಡುಗೆ ಆಯಿಯೇ ಮಾಡಿಕೊಳ್ಳುತ್ತಿದ್ದರು. ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದರು. ನಾನಿದ್ದಷ್ಟು ದಿನ ಸಾಲಾರ್‌ಜಂಗರ ವಸ್ತುಸಂಗ್ರಹಾಲಯ, ಕೋಟೆ, ಕೆರೆಯ ಏರಿ ಎಂದು ನನ್ನನ್ನೂ ಸುತ್ತಾಡಿಸಿದರು. ನನಗಿಂತ ಆಯಿಗೆ ಹೆಚ್ಚು ಹಾದಿಗಳು ಗೊತ್ತಿದ್ದವು.

ಹೊರಡುವ ಹಿಂದಿನ ಸಂಜೆ, ನೋಡಿದ್ದರಲ್ಲಿ ಯಾವುದು ಮನಸ್ಸಿಗೆ ಬಂತು ಎಂದು ಆಯಿಯನ್ನು ಕೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ಕಣ್ಣಿನ ಪಟ್ಟಿ ಬಿಚ್ಚಿದ ಮ್ಯಾಲ ಮೊದಲ ಇಕೀ ಅವ್ವನ ಗೋರಿ ತೋರಸು ಅಂದೆ. ಹೆಂಗಸರು ಅಲ್ಲಿ ಹೋಗೂದಿಲ್ಲಂತ. ಇಕಿ ಕೇಳ್ತಾಳೇನು, ಕರಕೊಂಡ ಹೋದ್ಳು. ಒಂದು ಬೇವಿನ ಗಿಡ ಅದ ಅಲ್ಲಿ, ನೆರಳು ಚೊಲೋ ಅದ. ಕುಂತು ಅಕೀಗೆ ಹೇಳಿದೆ, ನೀ ನನ್ನ ಹಿಂದ ಬರಬೇಕಂತ ಮಾಡಿದ್ರು ಅವರು. ನೋಡು, ನಾನ ನಿನ್ನ ಹಿಂದ ಬಂದೀನಿ."

ನಾನು ನರ್ಸಬಾಯಿಯ ಕಡೆ ನೋಡಿದೆ. ಪೊಲೀಸನಿಗೆ, ಯಜಮಾನರಿಗೆ, ಅಬಚಿಗೆ, ಎದುರು ಬಂದ ಎಲ್ಲರಿಗೂ ಮಾತು ಸಿದ್ಧವಿದ್ದ ಹೆಂಗಸು ಎದ್ದು ಹೋಗಿ, ಆಯಿಯ ಒಲೆಗೆ ಬೆಂಕಿ ಹಚ್ಚಿ, ನಮಗೆ ಬೆನ್ನು ಮಾಡಿ ಬಹಳ ಹೊತ್ತು ಹಾಲು ಕಾಯಿಸುತ್ತ ನಿಂತರು. ಆಯಿ, ತಮ್ಮ ಒಲೆ ಮುಟ್ಟಿದ್ದನ್ನು ಕಂಡೂ, ಆ ಹಾಲಿಗೆ ತಮ್ಮ ಲೋಟ ಮುಂದಿಟ್ಟರು.